ತವರಿಗೆ ಬಂದ ಆಡು

೧೯೯೬ರಲ್ಲಿ ಏಳನೇ ಇಯತ್ತೆ ಅರ್ಧಕ್ಕೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ಆಡಿನ ಹಿಂಡು ನನಗೇ ಬೇಕಿತ್ತು. ಅದರ ಹಿಂದೆ ದುಡಿದೇ ಬನವಾಸಿ ಹತ್ತಿರ ಮನೆ ಕಟ್ಟಿದೆ, ಇದ್ದೊಬ್ಬ ತಂಗಿಯನ್ನು ಉಮ್ಮಚಗಿಗೆ ಮದುವೆ ಮಾಡಿಕೊಟ್ಟೆ. ಯಾರ ಮುಂದೆಯೂ ಕೈ ಒಡ್ಡಲಿಲ್ಲ. ತಂಗಿ ಗಂಡನ ಮನೆಗೆ ಹೊರಟಾಗ ಅವ್ವ ಹಿಂಡಿನ ಒಂದು ಹೆಣ್ಣುಮರಿಯನ್ನು ಜೊತೆಗೆ ಕಳಿಸಿದ್ದಳು.

ಹೋದ ವರ್ಷ ತಂಗಿ ಜ್ವರದಲ್ಲಿ ತೀರಿಕೊಂಡಳು. ದಿನದ ಕಾರ್ಯ ಮುಗಿದ ಮೇಲೆ ಅವಳ ಗಂಡ ಆ ಆಡನ್ನು ಟೆಂಪೊದಲ್ಲಿ ತಂದು ಇಳಿಸಿದ. "ನಮ್ಮಲ್ಲಿ ಯಾರು ಕೊಟ್ರೂ ತಿಂತಿಲ್ಲ. ನೀವಾದ್ರೂ ಉಳಿಸ್ಕೊಳ್ಳಿ," ಎಂದ. ಅದರ ಕೊರಳಲ್ಲಿ ತಂಗಿ ತನ್ನ ಹಳೆ ಸೀರೆ ಹರಿದು ಹೆಣೆದ ಪಟ್ಟಿ ಇತ್ತು.

ಹೊಸ ಆಡನ್ನು ನಾವು ನೇರ ಹಿಂಡಿಗೆ ಬಿಡುವುದಿಲ್ಲ. ದೊಡ್ಡಿಯ ಹೊರಗೆ ಕಟ್ಟಿ, ಗಳುಗಳ ಸಂದಿಯಿಂದ ಒಂದನ್ನೊಂದು ಮೂಸಲು ಬಿಡುತ್ತೇವೆ. ಆಮೇಲೆ ಹಿಂಡಿನದೇ ವಾಸನೆ ಬರಲೆಂದು, ಅದು ಮಲಗಿದ ಜಾಗದ ಹಿಕ್ಕೆ, ಗಂಜಲ ಕಲಸಿ ಮೈಗೆ ತಿಕ್ಕುತ್ತೇವೆ. ಅವ್ವ ಕೇಳಲಿಲ್ಲ.

"ಹೊಸಾದು ಹೆಂಗಾಗತೈತಲೇ? ಇಲ್ಲೇ ಹುಟ್ಟಿದ್ದು. ತವರಿಗೆ ಬಂದಾಕೀನ ಹೊರಗ ಕಟ್ಟತಾರನು?"

ತಾನೇ ಬಾಗಿಲು ತೆಗೆದು ಒಳಗೆ ಬಿಟ್ಟಳು. ಮೊದಲು ಬಂದು ಹಾಯ್ದದ್ದು ಅದನ್ನು ಹೆತ್ತ ಆಡೇ. ಆಮೇಲೆ ಎಲ್ಲವೂ. ನಾನು ನುಗ್ಗಿ ಎಳೆದು ತರುವಷ್ಟರಲ್ಲಿ ಪಕ್ಕೆ ಹರಿದಿತ್ತು.

"ಹಡದಾಕಿಗೇ ಗುರ್ತು ಸಿಗವಲ್ದಲ್ಲೋ," ಎಂದು ಅವ್ವ ಹಣೆ ಬಡಿದುಕೊಂಡಳು.

ಹೊರಗೆ ಕಟ್ಟಿದೆವು. ಹಲಸಿನ ಸೊಪ್ಪು ಹಾಕಿದರೆ ಮುಖ ತಿರುಗಿಸುತ್ತಿತ್ತು. ಒಂಟಿಯಾದ ಆಡು ಮೇವು ಬಿಟ್ಟೇ ಸಾಯುತ್ತದೆ. ಮೈಗೆಲ್ಲ ಹಿಕ್ಕೆ ತಿಕ್ಕಿದೆ; ಪಟ್ಟಿಗೆ ತಾಗದಂತೆ ಅವ್ವ ಕಾದು ನಿಂತಿದ್ದಳು. ಮತ್ತೆ ಒಳಗೆ ಬಿಟ್ಟರೆ, ಹಿಂಡು ಕೊರಳು ಮೂಸಿ ಕೊಂಬು ತಗ್ಗಿಸಿತು. ಬೇರೆ ಮನೆಯ ಹೊಗೆ, ಎಣ್ಣೆ, ತಂಗಿಯ ಕೈ, ಎಲ್ಲ ಆ ಪಟ್ಟಿಯಲ್ಲಿತ್ತು.

"ಅವ್ವಾ, ಅದನ್ನ ಬಿಚ್ಚಬೇಕು."

"ಮೊದಲ ನನ್ನ ಕೈ ಕಡಿ."

"ಇಲ್ಲಂದ್ರ ಆಡೂ ಹೋಗತೈತಿ."

"ನೀ ಬಾಳ ಶಾಣ್ಯಾ. ಆಕೀ ವಾಸನಿ ಇನ್ನೆಲ್ಲೈತಿ ತೋರಸು, ಬಿಚ್ಚತೀನಿ."



ಮರುದಿನ ಆಡು ಏಳಲಿಲ್ಲ. ಅವ್ವ ಪಕ್ಕದಲ್ಲಿ ಕೂತು ಪಟ್ಟಿಗೆ ಮೂಗು ಒತ್ತಿಕೊಂಡಳು. ಆಮೇಲೆ ಗಂಟು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿ, ಕೈತುಂಬ ಹಿಕ್ಕೆ ತಂದು, ಮದುಮಗಳಿಗೆ ಅರಿಶಿನ ಹಚ್ಚುವ ಹಾಗೆ ಕೊರಳಿಗೆ ತಿಕ್ಕಿದಳು. "ತಡಿ ನನ್ನವ್ವಾ, ಆತು, ಆತು," ಎನ್ನುತ್ತಿದ್ದಳು. ನಾನು ಸೊಪ್ಪು ಕಡಿಯುವ ನೆಪದಲ್ಲಿ ಆಚೆ ಹೋದೆ.

ಸಂಜೆ ಆಡನ್ನು ಎತ್ತಿಕೊಂಡು ಹೋಗಿ ದೊಡ್ಡಿಯಲ್ಲಿ ಇಳಿಸಿದೆ. ಹಿಂಡು ಬಂದು ಮೂಸಿತು, ಸುಮ್ಮನಾಯಿತು. ಬೆಳಿಗ್ಗೆ ನೋಡಿದರೆ ಎಲ್ಲವುಗಳ ನಡುವೆ ನಿಂತು ತಿನ್ನುತ್ತಿತ್ತು.

ಪಟ್ಟಿಯನ್ನು ಅವ್ವ ಟ್ರಂಕಿನಲ್ಲಿಟ್ಟಳು. ಮೊನ್ನೆ ತೆಗೆದು ಮೂಸಿ, "ಬರೇ ಟ್ರಂಕಿನ ವಾಸನಿ," ಎಂದು ಮುಚ್ಚಿದಳು.

ಈಗ ನನ್ನಲ್ಲಿ ಹದಿನೇಳು ಆಡು, ಎರಡು ಹೋತ, ನಾಲ್ಕು ಮರಿ ಇವೆ.