ಒಂದೇ ಮನೆಯ ತಿರುಪುಗಳು

ಬೆಳಗಿನ ಆರು ಗಂಟೆ. ದಂತ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಹಬೆಯಂತ್ರ ಬುಸ್ಸೆಂದು ತಣ್ಣಗಾಗುತ್ತಿದೆ. ಅದರ ಬಾಗಿಲು ತೆರೆದು ಮೊದಲ ಟ್ರೇ ಎಳೆಯುತ್ತಿರುವವರನ್ನು ಇಲ್ಲಿ ಎಲ್ಲರೂ ಕರೆಯುವುದು 'ಟ್ರೇ ಅಕ್ಕ' ಎಂದೇ. ಉಪಕರಣ ತೊಳೆದು, ಹಬೆಯಲ್ಲಿ ಶುದ್ಧ ಮಾಡಿ, ಜೋಡಿಸುವುದು ಇವರ ಕೆಲಸ. ದಿನಕ್ಕೆ ಅರವತ್ತು ಟ್ರೇ, ಇಪ್ಪತ್ತೆರಡು ವರ್ಷದಿಂದ. ಇಲ್ಲಿ ಹಲ್ಲು ಕಟ್ಟಿಸಿಕೊಂಡು ಹೋದ ಒಬ್ಬರಿಗೂ ಇವರ ಗುರುತಿಲ್ಲ. ನಗುವಾಗ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ, ಎಡಗಡೆ ಒಂದು ಹಲ್ಲಿಲ್ಲ.

ಗೋಡೆಯ ಕಪಾಟಿನಲ್ಲಿ ಬೆರಳುದ್ದದ ಡಬ್ಬಿಗಳಿವೆ. ದವಡೆಯ ಮೂಳೆಗೆ ಕೂರಿಸುವ ಲೋಹದ ತಿರುಪು, ಅಂದರೆ ಇಂಪ್ಲಾಂಟ್, ಕೆಲವರ ಮೂಳೆಗೆ ಹತ್ತುವುದೇ ಇಲ್ಲ, ಸಡಿಲವಾಗಿ ಹೊರಬರುತ್ತದೆ. ಅದನ್ನು ತೊಳೆದು, ಚೀಟಿ ಅಂಟಿಸಿ, ತಾರೀಖಿನ ಪ್ರಕಾರ ಇಡಬೇಕೆಂಬುದು ನಿಯಮ. ಅಕ್ಕ ಇಟ್ಟದ್ದು ಮನೆಯ ಪ್ರಕಾರ! ಅಪ್ಪನದರ ಪಕ್ಕ ಮಗಳದು, ಅಣ್ಣನದರ ಪಕ್ಕ ತಂಗಿಯದು.

"ಪಾತ್ರೆ ಜೋಡಿಸೋದೂ ಹಾಗೇ ಅಲ್ವಾ? ಒಂದ್ ಸೆಟ್ ಒಂದ್ ಕಡೆ. ಮೇಲ್ವಿಚಾರಕರು ಬೈದಾಗ ನಂಗೆ ಮುಖ ಎಲ್ಲಿಡ್ಲಿ ಅನ್ನಿಸ್ತು."

ಬೈಸಿಕೊಂಡು ಮತ್ತೆ ಜೋಡಿಸಲು ಕೂತಾಗ ಹಿರಿಯ ವೈದ್ಯೆ ಬಂದು ನೋಡಿದರು. ನೂರಾಹದಿನೆಂಟು ಡಬ್ಬಿಗಳಲ್ಲಿ ಒಂಬತ್ತು ಮನೆಗಳವು ಎರಡೆರಡು, ಮೂರ್ಮೂರು; ಒಂದೇ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರದು ಕಳಚಿತ್ತು. "ಹಾಗೇ ಬಿಡಿ ಅಕ್ಕ, ಮುಟ್ಟಬೇಡಿ" ಎಂದರಂತೆ.

ಅಷ್ಟಕ್ಕೇ ಕುಣಿಯಬೇಕಿಲ್ಲ ಎನ್ನುತ್ತಾರೆ ವೈದ್ಯೆ. "ಹುಟ್ಟಿನಿಂದ ಬಂದ ಗುಣ ಒಂದು ಕಾರಣ ಇರಬಹುದು, ಅದೇ ಹಣೆಬರಹ ಅಲ್ಲ. ಸಿಗರೇಟು, ಸಕ್ಕರೆ ಕಾಯಿಲೆ, ವಸಡಿನ ರೋಗ ಕೂಡ ಒಂದೇ ಮನೇಲಿ ಇರುತ್ತವೆ. ಡಬ್ಬಿಗಳಿಂದ ಏನೂ ಸಾಬೀತಾಗಲ್ಲ. ಆದ್ರೆ ಕೇಳೋದನ್ನ ಕಲಿತ್ವಿ." ಈಗ ಇಲ್ಲಿ ಪ್ರತಿ ರೋಗಿಗೂ ಒಂದು ಹೆಚ್ಚಿನ ಪ್ರಶ್ನೆ: ಮನೆಯಲ್ಲಿ ಬೇರೆ ಯಾರ ತಿರುಪಾದರೂ ಕಳಚಿದೆಯೇ? ಹೌದೆಂದರೆ ಮೊದಲು ವಸಡಿನ ಚಿಕಿತ್ಸೆ, ಆಮೇಲೆ ಹೆಚ್ಚು ಕಾಯುವುದು, ಹೆಚ್ಚು ತಪಾಸಣೆ.

ಆ ಒಂಬತ್ತರಲ್ಲಿ ಒಂದು ಅಕ್ಕನದೇ ಮನೆ. ಮೊದಲ ಡಬ್ಬಿ ಅಮ್ಮನದು, ಎರಡನೆಯದು ಇವರದು. "ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತಾರಲ್ಲ, ನನ್ ಹಲ್ಲೂ ಹಾಗೇ ಮಾಡ್ತು." ಈಗ ಬಸ್ ಓಡಿಸುವ ತಮ್ಮನ ಸರದಿ. ಅಕ್ಕನ ಕಾಟಕ್ಕೆ ಅವರು ಸಿಗರೇಟು ಬಿಟ್ಟರು, ತಿರುಪು ಹಾಕಿಸಿಕೊಂಡು ಆರು ತಿಂಗಳು ಕಾದರು. ಇವತ್ತು ಒಂಬತ್ತಕ್ಕೆ ಪರೀಕ್ಷೆ. ಅದಕ್ಕೇ ಅಕ್ಕ ಎಣಿಸಿದ ಟ್ರೇಯನ್ನೇ ಮತ್ತೆ ಎಣಿಸುತ್ತಿದ್ದಾರೆ. ಭಯವಾಗುತ್ತಿದೆ ಎಂದು ಕೇಳದೆಯೇ ಹೇಳುತ್ತಾರೆ.

ಒಂಬತ್ತೂವರೆಗೆ ಹಿಂಬಾಗಿಲಿನಿಂದ ತಮ್ಮ ಇಣುಕುತ್ತಾರೆ. "ಗಟ್ಟಿ ಕೂತಿದೆಯಂತೆ ಅಕ್ಕ. ನನ್ ಡಬ್ಬಿ ರೆಡಿ ಮಾಡಿಟ್ಟಿದ್ದೆ ಅಲ್ವಾ?"

ಅಕ್ಕ ತಮ್ಮದೇ ಮನೆಯ ಸಾಲಿನ ಮೂರನೇ ಡಬ್ಬಿ ತೆಗೆದು ತೋರಿಸುತ್ತಾರೆ. ಒಳಗೆ ಸೂಜಿ, ಸುತ್ತಿದ ದಾರ, ಎರಡು ಅಂಗಿ ಗುಂಡಿ.

"ನಿನ್ ದವಡೆಗೆ ತಿರುಪು ಹಾಕಿದ ದಿನಾನೇ ತುಂಬಿಸ್ಬಿಟ್ಟೆ ಕಣೋ. ಇಲ್ಲಿ ಜಾಗ ಇಲ್ಲ, ಹೋಗು."