ಅಣ್ಣಮ್ಮನ ಕೈಯ ಬೋಣಿ

ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾಳೆ ಎಂದು ಆರ್‌ಪಿಸಿ ಲೇಔಟ್‌ನ ಹೆಂಗಸರೆಲ್ಲ ನಂಬಿಕೊಂಡಿದ್ದ ಅಣ್ಣಮ್ಮ, ಆ ಬೆಳಿಗ್ಗೆ ಹೆಗ್ಗನಹಳ್ಳಿಯ ತನ್ನ ಮನೆಯ ಮುಂದೆ ಸೊಂಟದ ಮೇಲೆ ನೀರಿನ ಕೊಡ ಇಟ್ಟುಕೊಂಡು ಗಟ್ಟಿಮುಟ್ಟಾಗಿ ನಿಂತಿದ್ದಳು. ರೋಗಿಯನ್ನು ನೋಡಿಕೊಂಡು ಹೋಗೋಣವೆಂದು ಬಂದ ನೀಲಮ್ಮ, ಒಂದು ಕೈಯಲ್ಲಿ ಸೇಬಿನ ಚೀಲ, ಇನ್ನೊಂದರಲ್ಲಿ ಹಾರ್ಲಿಕ್ಸ್ ಬಾಟಲಿ ಹಿಡಿದು ಗೇಟಿನ ಹತ್ತಿರವೇ ಬೆಪ್ಪಾದರು.

"ಅಯ್ಯೋ ಶಿವನೇ! ಎದ್ದು ಓಡಾಡ್ತಾ ಇದೀಯಾ? ಒಂದು ಕೈ, ಒಂದು ಕಾಲು ಬಿದ್ದೋಗಿದೆ ಅಂದ್ರಲ್ಲೇ!"

"ಯಾರಮ್ಮಾ ಹಂಗಂದಿದ್ದು?"

"ಇನ್ಯಾರು, ಗಿರಿರಾಜ. ಆಂಟಿಗೆ ಮಾತೂ ತೊದಲುತ್ತೆ, ನೋಡಕ್ಕೆ ಹೋಗ್ಬೇಡಿ, ಅಳ್ತಾರೆ ಅಂತ ಎಲ್ಲರ ಮನೇಲೂ ಹೇಳಿದಾನೆ. ನನಗೆ ಮನಸ್ಸು ತಡೀಲಿಲ್ಲ, ಬಂದ್ಬಿಟ್ಟೆ."

ಅಣ್ಣಮ್ಮ ಕೊಡವನ್ನು ನಿಧಾನವಾಗಿ ಕೆಳಗಿಟ್ಟಳು. ಸೇಬನ್ನೂ ಹಾರ್ಲಿಕ್ಸನ್ನೂ ಇಸಿದುಕೊಂಡಳು, ಕಾಫಿ ಮಾಡಿಕೊಟ್ಟಳು, ನೀಲಮ್ಮನ ಮಂಡಿನೋವು ವಿಚಾರಿಸಿದಳು. ಅವರು ಆಟೋ ಹತ್ತಿ ಹೋದ ಮೇಲೆ ಬಾಗಿಲು ಹಾಕಿಕೊಂಡು ಗಿರಿರಾಜನಿಗೆ ಹಾಕಿದ ಶಾಪಗಳನ್ನು ಇಲ್ಲಿ ಬರೆಯುವಂತಿಲ್ಲ.

ಆ ಸಿಟ್ಟು ಸುಮ್ಮನೆ ಬಂದದ್ದಲ್ಲ. ಅಣ್ಣಮ್ಮ ಹೆಗ್ಗನಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿದವಳು. ಅವಳ ಅಪ್ಪ ಈಗ ಮೂರಂತಸ್ತಿನ ಬಾಡಿಗೆ ಮನೆಗಳು ಎದ್ದಿರುವ ಜಾಗದಲ್ಲಿ ಬದನೆಕಾಯಿ ಬೆಳೆದು, ಮಾಗಡಿ ರಸ್ತೆಯಾಚೆಯ ಕಲ್ಲುದೊಡ್ಡಿ ಸಂತೆಗೆ ಹೊತ್ತುಕೊಂಡು ಹೋಗಿ ಮಾರುತ್ತಿದ್ದ. ಬದನೆಕಾಯಿ ರಾಶಿಯ ಹಿಂದೆ ಕೂತು ಬೆಳೆದ ಹುಡುಗಿ ಅಕ್ಷರಕ್ಕಿಂತ ಮೊದಲು ಕಲಿತದ್ದು ಬೋಣಿಯ ವಿಚಾರವನ್ನು. ದಿನದ ಮೊದಲ ವ್ಯಾಪಾರವೇ ಬೋಣಿ. ಮೊದಲ ಗಿರಾಕಿ ನಗುನಗುತ್ತಾ ಕೊಂಡರೆ ಸಂಜೆಯೊಳಗೆ ರಾಶಿ ಖಾಲಿ. ಅವನು ಬೆಲೆ ಕೇಳಿ, ಮೂತಿ ತಿರುವಿ, ಬರಿಗೈಯಲ್ಲಿ ಹೋದನೋ, ಆ ದಿನದ ಕಥೆ ಮುಗಿಯಿತು. ಹಾಗಾದ ದಿನ ಅವಳಪ್ಪ ಒಂದು ಬದನೆಕಾಯಿಯನ್ನು ರಾಶಿಗೆ ನಿವಾಳಿಸಿ ದಾರಿಗೆ ಎಸೆಯುತ್ತಿದ್ದ, ಆಮೇಲೆ ಯಾರೊಂದಿಗೂ ಮಾತಾಡುತ್ತಿರಲಿಲ್ಲ.

ದೊಡ್ಡವಳಾಗಿ ಆರ್‌ಪಿಸಿ ಲೇಔಟ್‌ನ ಮೂಲೆಯಲ್ಲಿ ಹೂವಿನ ಅಂಗಡಿ ಇಟ್ಟಾಗ, ಮೊಳ ಹಾಕುತ್ತಲೇ ಅಣ್ಣಮ್ಮ ಗಿರಾಕಿಗಳಿಗೆ ಸಂತೆಯ ಕಥೆ ಹೇಳುತ್ತಿದ್ದಳು. ಕೇಳಿಕೇಳಿ ಆಸೆಯಾಗಿ ನೀಲಮ್ಮ ಒಮ್ಮೆ, "ನಮ್ಮನ್ನೂ ಕರ್ಕೊಂಡು ಹೋಗೇ" ಎಂದರು. ಹಾಗೆ ಶುರುವಾಯಿತು. ವರ್ಷದ ಮೆಣಸಿನಕಾಯಿ, ಹುಣಸೆಹಣ್ಣು, ಮೊರ, ಚಾಪೆಗೆಂದು ಬಸವೇಶ್ವರನಗರ, ವಿಜಯನಗರದ ಹೆಂಗಸರೆಲ್ಲ ಮಿನಿ ಬಸ್ಸು ಮಾಡಿಕೊಂಡು ಅಣ್ಣಮ್ಮನ ಹಿಂದೆ ಕಲ್ಲುದೊಡ್ಡಿಗೆ ಹೋಗತೊಡಗಿದರು. ಅವಳ ಕಟ್ಟಳೆ ಒಂದೇ: ಬಸ್ಸಿಳಿದ ಮೇಲೆ ಯಾರೂ ಏನನ್ನೂ ಮುಟ್ಟುವಂತಿಲ್ಲ. ಮೊದಲು ಅವಳು ಸಾಲಿನಲ್ಲಿ ನಡೆದು, ಬೋಣಿಯಾಗದ ಅಂಗಡಿಯಲ್ಲೆಲ್ಲ ಒಂದು ನಿಂಬೆಹಣ್ಣೋ ಒಂದು ಹಿಡಿ ಸೊಪ್ಪೋ ಚೌಕಾಸಿಯಿಲ್ಲದೆ ಕೊಳ್ಳಬೇಕು. ಆಮೇಲೆ ಇವರ ಗದ್ದಲ. ಅವಳ ಕೈಗುಣ ಎಂಥದ್ದೆಂದರೆ ಸಂತೆಯಲ್ಲಿ ಅವಳಿಗೆ ಬೋಣಿ ಅಣ್ಣಮ್ಮ ಎಂದೇ ಹೆಸರಾಯಿತು. ಒಣಮೆಣಸಿನಕಾಯಿಯ ಹನುಮಯ್ಯನಂತೂ ಬಸ್ಸು ಬರುವವರೆಗೆ ಬಂದ ಗಿರಾಕಿಯನ್ನೂ ಮಾತಾಡಿಸಿ ಕೂರಿಸುತ್ತಿದ್ದ. ಗಂಡ ಹೋದಾಗಲೂ, ಮಗ ಬೇರೆ ಮನೆ ಮಾಡಿದಾಗಲೂ ಅಣ್ಣಮ್ಮ ಕುಗ್ಗದೆ ಇದ್ದದ್ದು ಈ ಒಂದು ಹೆಸರಿನ ಬಲದಿಂದ.

ಗಿರಿರಾಜನದು ಪಕ್ಕದ ಜೆರಾಕ್ಸ್ ಅಂಗಡಿ. "ಆಂಟಿ, ಯಾರ್ಯಾರು ಬರ್ತಾರೆ ಅಂತ ನಾನು ಫೋನಲ್ಲಿ ನೋಡ್ಕೋತೀನಿ, ನೀವು ಆರಾಮಾಗಿರಿ" ಎಂದು ಸೇರಿಕೊಂಡ. ಅವಳ ಮನೆಯ ಮುದ್ದೆ ಉಂಡ, ಅವಳ ಬಾಯಿಂದ ಕಥೆ ಕೇಳಿದ. ಕಣ್ಣಿನ ಪೊರೆ ತೆಗೆಸಿಕೊಂಡು ಅವಳು ಹೂವಿನ ಅಂಗಡಿ ಬಿಟ್ಟಾಗ, ಒಂದೆರಡು ಸಲ ಸಂತೆಗೆ ತಾನೇ ಜನರನ್ನು ಕರೆದುಕೊಂಡು ಹೋಗುತ್ತೇನೆಂದ. ಆಮೇಲೆ ಅವನೂ ಬರಲಿಲ್ಲ, ಯಾವ ಹೆಂಗಸೂ ಫೋನು ಮಾಡಲಿಲ್ಲ. ಈಗೆಲ್ಲ ಫೋನಿನಲ್ಲೇ ಮನೆಬಾಗಿಲಿಗೆ ಮೆಣಸಿನಕಾಯಿ ಬರುತ್ತದೆ, ನನ್ನ ಹಂಗು ಅವರಿಗೇಕೆ ಎಂದು ಅಣ್ಣಮ್ಮ ತನ್ನಷ್ಟಕ್ಕೆ ತಾನೇ ನೊಂದುಕೊಂಡು ಒಂದು ವರ್ಷ ಕಳೆದಿದ್ದಳು. ಉಂಡ ಮನೆಯ ಜಂತೆ ಎಣಿಸುವವರನ್ನು ಅವಳು ಕಂಡಿದ್ದಳು. ಉಂಡ ಮನೆಯವಳಿಗೆ ಲಕ್ವ ಹೊಡೆಸಿದವನನ್ನು ನೋಡಿದ್ದು ಇದೇ ಮೊದಲು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಆ ಹೆಂಗಸರ ಮೇಲೂ ಅವಳಿಗೆ ಸಿಟ್ಟಿತ್ತು. ಆದರೆ ಮೊದಲ ಪಾಳಿ ಗಿರಿರಾಜನದು.

ಗಿರಿರಾಜ ಈಗ ತಲೆಗಿಷ್ಟೆಂದು ಕಾಸು ಹಿಡಿದು ಸಂತೆಗೆ ಹೊರಡಿಸುತ್ತಿದ್ದ ಬಸ್ಸಿನಲ್ಲಿ, ಮುಂದಿನ ಸಂತೆಗೆ ನೀಲಮ್ಮ ಎರಡು ಸೀಟು ಹಿಡಿದರು. ಬಸ್ಸು ಎಂದರೆ ಎ.ಸಿ. ಬಸ್ಸು, ಮೆತ್ತನೆಯ ಸೀಟು, ಗಾಜಿನ ಮೇಲೆ ಗಿರಿರಾಜನದೇ ಫೋಟೊ. ಅಣ್ಣಮ್ಮ ಮುಖಕ್ಕೆ ಮಾಸ್ಕು ಹಾಕಿ, ತಲೆಯ ಮೇಲೆ ಸೆರಗು ಎಳೆದು, ಹಿಂದಿನ ಸೀಟಿನ ಕಿಟಕಿ ಹಿಡಿದಳು. ಸಂತೆಯ ನಡುವೆ ನಿಂತು, ಎಲ್ಲರೆದುರು ಸೆರಗು ಸರಿಸಿ, "ಲಕ್ವ ಹೊಡೆದೋಳು ಬಂದಿದೀನಿ ನೋಡೋ" ಎನ್ನಬೇಕು, ಅವನ ಮುಖ ಸುಟ್ಟ ಬದನೆಕಾಯಿ ಆಗಬೇಕು ಎಂಬುದಷ್ಟೇ ಅವಳ ಲೆಕ್ಕ.

ಬಸ್ಸು ಸುಂಕದಕಟ್ಟೆ ದಾಟುತ್ತಿದ್ದಂತೆ ಗಿರಿರಾಜ ಮೈಕು ಹಿಡಿದ. ಅವಳ ಅಪ್ಪನ ಬದನೆಕಾಯಿ ಕಥೆಯನ್ನು ತನ್ನ ತಾತನ ಕಥೆ ಮಾಡಿ ಹೇಳಿದ. ಜನ ಚಪ್ಪಾಳೆ ಹೊಡೆದರು. ಅಣ್ಣಮ್ಮ ಮಾಸ್ಕಿನೊಳಗೆ ಹಲ್ಲು ಕಡಿದಳು.

"ಇವತ್ತೂ ಬೇಗ ಹೋಗ್ತಾ ಇದೀವಿ, ಬೆಳಗಿನ ಬಿಸಿಲಲ್ಲಿ ಫೋಟೊ ಸಖತ್ತಾಗಿ ಬರುತ್ತೆ" ಎಂದ ಗಿರಿರಾಜ. "ಬಾರ್ಗೇನಿಂಗೇ ಸಂತೆಯ ಮಜಾ. ಎಲ್ಲಾ ಅಂಗಡೀಲೂ ರೇಟ್ ಕೇಳಿ, ಅರ್ಧಕ್ಕೆ ಕೇಳಿ. ತಗೊಳ್ಳಲೇಬೇಕು ಅಂತೇನಿಲ್ಲ. ಜಸ್ಟ್ ಎಂಜಾಯ್ ಮಾಡಿ."

ಅಣ್ಣಮ್ಮನಿಗೆ ಮೊದಲು ಎದೆ ಧಸಕ್ಕೆಂದಿತು. ಹೊತ್ತಿಗೆ ಮುಂಚೆ ಹೋಗಿ, ಬೋಣಿಯಾಗದ ಸಂತೆಯಲ್ಲಿ ಬಸ್ಸು ತುಂಬ ಜನ ಕೊಳ್ಳದೆ ಬೆಲೆ ಕೇಳುವುದೆಂದರೆ! ಮರುಕ್ಷಣವೇ ಅವಳಿಗೆ ಒಳಗೊಳಗೇ ಸಂತೋಷವಾಯಿತು. ತಾನು ಬಾಯಿ ಬಿಡುವ ಅಗತ್ಯವೇ ಇಲ್ಲ, ಸಂತೆಯೇ ಇವನನ್ನು ನೋಡಿಕೊಳ್ಳುತ್ತದೆ. ಬರೀ ನನ್ನ ಬಾಯಿಗೆ ಸಿಕ್ಕಿದರೆ ನಾಲ್ಕು ಮಾತು ಕೇಳಿಸಿಕೊಂಡು ಮರೆತುಬಿಡುತ್ತಾನೆ. ಸಂತೆಯ ಬಾಯಿಗೆ ಸಿಗಲಿ ಎಂದುಕೊಂಡಳು.

ಕಲ್ಲುದೊಡ್ಡಿಯಲ್ಲಿ ಅಂಗಡಿಯವರು ಇನ್ನೂ ಮೂಟೆ ಬಿಚ್ಚುತ್ತಿದ್ದರು. ಬಸ್ಸಿನ ಜನ ಸಾಲಿನೊಳಗೆ ನುಗ್ಗಿದರು. ಮೊರ ಎತ್ತಿ ತಲೆಗೆ ಹಿಡಿದು ಫೋಟೊ, ಬುಟ್ಟಿ ಎತ್ತಿ ಫೋಟೊ, ಸೊಪ್ಪಿನ ಬೆಲೆ ಕೇಳಿ ನಗು, ಅರ್ಧಕ್ಕೆ ಕೇಳಿ ಇನ್ನಷ್ಟು ನಗು, ಎಲ್ಲ ಇಟ್ಟಲ್ಲೇ ಇಟ್ಟು ಮುಂದೆ. ಅಣ್ಣಮ್ಮ ಹೊಂಗೆ ಮರದ ಕೆಳಗೆ ಮಾಸ್ಕು ತೆಗೆದು ನಿಂತು ನೋಡಿದಳು. ಮುಂದೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಒಂದೊಂದು ಅಂಗಡಿಯ ಬೋಣಿ ಕೆಟ್ಟಾಗಲೂ, ಇನ್ನೊಂದು ಕೆಡಲಿ ಎಂದುಕೊಂಡಳು. ಸಾಲಿನ ಕೊನೆಯಲ್ಲಿ ಹನುಮಯ್ಯನ ಮೆಣಸಿನಕಾಯಿಗೆ ಯಾರೋ ಕೈಹಾಕಿ, ಮುರಿದು, ಮೂಸಿ, ಸೀನಿ, ನಕ್ಕು ಹೋದಾಗ ಮಾತ್ರ ಅವಳ ಕಾಲು ಒಂದು ಹೆಜ್ಜೆ ಮುಂದಕ್ಕೆ ಬಂತು. ಅದನ್ನೂ ಹಿಂದಕ್ಕೆ ಎಳೆದುಕೊಂಡಳು.

ಮೊದಲು ಸಿಡಿದವಳು ಮೊರ ಮಾರುವವಳು. ಗಿರಿರಾಜನ ಅಂಗಿ ಹಿಡಿದಳು. "ಏ, ಯಾವೋನೋ ನೀನು? ವರ್ಷದಿಂದ ನೋಡ್ತಾ ಇದೀನಿ, ಬಂದಾಗೆಲ್ಲ ಬೋಣಿ ಕೆಡಿಸ್ತೀಯ! ಅಣ್ಣಮ್ಮ ಕಳಿಸಿದ್ದು, ಅಣ್ಣಮ್ಮ ಕಳಿಸಿದ್ದು ಅಂತ ಬೇರೆ ಹೇಳ್ತೀಯ. ಆ ಅಣ್ಣಮ್ಮನ ಮನೆ ಹಾಳಾಗ!"

ಅಣ್ಣಮ್ಮನಿಗೆ ಕಿವಿಯಲ್ಲಿ ಕಾದ ಎಣ್ಣೆ ಸುರಿದಂತಾಯಿತು. ಅಲ್ಲಿ ಲಕ್ವ ಹೊಡೆಸಿದ್ದು ಸಾಲದೆಂದು ಇಲ್ಲಿ ತನ್ನ ಹೆಸರಿಗೆ ಮಸಿ ಬಳಿದಿದ್ದಾನೆ! ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನಡುದಾರಿಗೆ ಬಂದಳು.

"ನಾನು ಕಳಿಸಿಲ್ಲ ಕಣವ್ವಾ. ಈ ಬೇವಾರ್ಸಿ ನನಗೆ ಲಕ್ವ ಹೊಡೆದಿದೆ ಅಂತ ಊರಿಗೆಲ್ಲ ಸಾರಿದಾನೆ. ಕೇಳಿ ಬೇಕಾದ್ರೆ!"

ಗಿರಿರಾಜನ ಮುಖ ಅವಳು ಬಯಸಿದ್ದಕ್ಕಿಂತ ಚೆನ್ನಾಗಿ ಸುಟ್ಟಿತು. "ಆಂಟಿ... ನೀವು... ಅದು..." ಎಂದ. ನೀಲಮ್ಮ ಮುಂದೆ ಬಂದು ಹಾರ್ಲಿಕ್ಸಿನ ಕಥೆಯನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅಷ್ಟರಲ್ಲಿ ಅಂಗಡಿಯವರು ಖಾಲಿ ಬುಟ್ಟಿಗಳನ್ನೆಲ್ಲ ತಂದು ಬಸ್ಸಿನ ಮುಂದೆ ಅಡ್ಡ ಇಟ್ಟಾಗಿತ್ತು.

"ಕೆಟ್ಟ ಬೋಣಿಗೆ ಒಂದೇ ದಾರಿ" ಎಂದಳು ಅಣ್ಣಮ್ಮ. "ಕೆಡಿಸಿದೋನೇ ಕೊಳ್ಬೇಕು. ಚೌಕಾಸಿ ಇಲ್ಲ, ಬಿಡಂಗಿಲ್ಲ, ಎಲ್ಲಾ ಅಂಗಡೀಲೂ ಕೊಳ್ಬೇಕು. ನಡೀ ಮಗನೇ."

ಗಿರಿರಾಜ ನಡೆದ. ಮೊರ ಕೊಂಡ, ಪೊರಕೆ ಕೊಂಡ, ಹಗ್ಗ ಕೊಂಡ, ಎತ್ತಿನ ಕೊರಳ ಗಂಟೆ ಕೊಂಡ. ಮೊದಲು ಕಂಕುಳಲ್ಲಿ ಇಟ್ಟುಕೊಂಡ, ಆಮೇಲೆ ತಲೆಯ ಮೇಲೆ ಹೊತ್ತ. ಒಂದು ಕೋಳಿಯನ್ನೂ ಕಾಲು ಕಟ್ಟಿ ಅವನ ಕೈಗೆ ಕೊಟ್ಟರು. ಬಸ್ಸಿನ ಜನ ಮೊದಲು ಗಾಬರಿಯಾಗಿದ್ದವರು ಈಗ ಫೋನು ಎತ್ತಿ ಹಿಡಿದು ಅವನ ಹಿಂದೆಯೇ ಮೆರವಣಿಗೆ ಹೊರಟರು. ಕೊಟ್ಟ ಕಾಸಿಗೆ ಇದೇ ಸರಿಯಾದ ಮಜಾ ಎಂದು ಅವರಿಗೂ ಅನ್ನಿಸಿರಬೇಕು. ಅಣ್ಣಮ್ಮ ಮುಂದೆ ಮುಂದೆ ನಡೆಯುತ್ತಾ, "ಇಲ್ಲಿ ಬಾ, ಈ ಅಜ್ಜೀನ ಮರೆತೆ" ಎಂದು ತೋರಿಸಿಕೊಟ್ಟಳು. ಅಂಥ ಸುಖವನ್ನು ಅವಳು ಬಹಳ ದಿನಗಳಿಂದ ಕಂಡಿರಲಿಲ್ಲ.

ಒಣಮೀನಿನ ಅಂಗಡಿಯ ಮುಂದೆ ಅವನು ನಿಂತುಬಿಟ್ಟ.

"ಆಂಟಿ, ಕಾಲಿಗೆ ಬೀಳ್ತೀನಿ. ಇದೊಂದು ಬೇಡ. ನಮ್ಮನೇಲಿ ಮೊಟ್ಟೇನೂ ತರಲ್ಲ. ಬಸ್ಸಲ್ಲಿರೋರೂ ಅಷ್ಟೇ, ನಿಮಗೇ ಗೊತ್ತಲ್ಲ."

"ಬೋಣಿಗೆ ಜಾತಿ ಇಲ್ಲ ಕಣಪ್ಪ. ತಿನ್ನು ಅಂದ್ನಾ? ಕೊಳ್ಳು ಅಂದೆ."

ಮೀನಿನವಳು ದೊಡ್ಡ ಪೊಟ್ಟಣವನ್ನೇ ಕಟ್ಟಿದಳು. ಅದನ್ನು ಮಾರುದೂರ ಹಿಡಿದು ಬಸ್ಸಿನ ಬಾಗಿಲಿಗೆ ಬಂದ ಗಿರಿರಾಜನಿಗೆ ನೀಲಮ್ಮ ಮೂಗಿಗೆ ಸೆರಗು ಒತ್ತಿಕೊಂಡೇ ಅಡ್ಡ ನಿಂತರು.

"ಎ.ಸಿ. ಬಸ್ಸಪ್ಪಾ, ಕಿಟಕಿ ತೆಗೆಯಕ್ಕಾಗಲ್ಲ. ನೀನು ಸರ್ಕಾರಿ ಬಸ್ಸಲ್ಲಿ ಬಾ. ದಾರೀಲಿ ಎಸೆದ್ಬಿಟ್ಟು ಬರ್ತೀನಿ ಅಂದ್ಕೋಬೇಡ. ಬೋಣಿ ಮಾಡಿದ್ದನ್ನ ಎಸೀಬಾರದಂತೆ, ಅಣ್ಣಮ್ಮ ಹೇಳಿದಾಳೆ."

ಜನ ಹೋ ಎಂದು ಕೂಗಿದರು. ಅಣ್ಣಮ್ಮನ ಎದೆಯೊಳಗೆ ಒಂದು ವರ್ಷದ ಕಲ್ಲು ಕರಗಿತು. ಆ ಹುಮ್ಮಸ್ಸಿನಲ್ಲೇ ಅವಳು ಸಾಲಿನ ಕೊನೆಗೆ ಹನುಮಯ್ಯನ ಬಳಿ ಬಂದಳು. ಅವನೊಬ್ಬ ಮಾತ್ರ ಗದ್ದಲಕ್ಕೆ ಎದ್ದು ಬಂದಿರಲಿಲ್ಲ. ಗಿರಿರಾಜ ಕೊಳ್ಳಲು ಬಂದಾಗಲೂ ಕೈಯಾಡಿಸಿ ಕಳಿಸಿಬಿಟ್ಟಿದ್ದ.

"ಹನುಮಯ್ಯಣ್ಣ, ಅವನ ಕೈಯ ಬೋಣಿ ನಿನಗೆ ಬೇಡ ಅನ್ನಿಸ್ತು ಅಲ್ವಾ? ನಾನು ಬಂದಿದೀನಿ. ತೂಗು, ಒಂದು ಹಿಡಿ ಸಾಕು. ವರ್ಷದಿಂದ ಅವನು ಹೇಳಿದ್ದೆಲ್ಲ ಸುಳ್ಳು ಕಣಣ್ಣ."

"ಕೇಳಿಸ್ಕೊಂಡೆ" ಎಂದ ಹನುಮಯ್ಯ. "ಅದು ಸುಳ್ಳು ಅಂತ ನನಗೆ ಮೊದಲೇ ಅನ್ನಿಸಿತ್ತು. ಅಣ್ಣಮ್ಮ ಹಂಗೆ ಮಾಡೋಳಲ್ಲ ಅಂತ ಇಲ್ಲಿ ಎಲ್ಲರ ಹತ್ತಿರ ಜಗಳ ಆಡಿದೀನಿ."

ಅವಳ ಕಣ್ಣು ತುಂಬಿ ಬಂತು. ಕೈ ಚಾಚಿದಳು. ಅವನು ತಕ್ಕಡಿ ಎತ್ತಲಿಲ್ಲ.

"ಬೆಳಿಗ್ಗೆ ಹೊಂಗೆ ಮರದ ಕೆಳಗೆ ನಿಂತಿದ್ದೋಳು ನೀನೇ ತಾನೆ?"

ಅಣ್ಣಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಅವನಿಗೆ ಗೊತ್ತಿರಲಿಲ್ಲ, ಕೆಡಿಸ್ದ. ಜೆರಾಕ್ಸ್ ಮಾಡೋನು, ಅವನಿಗೇನು ಗೊತ್ತು. ನಿನಗೆ ಗೊತ್ತಿತ್ತು. ನನ್ನ ಮೆಣಸಿನಕಾಯಿ ಮುರಿದು ಹೋಗೋವಾಗ ನನ್ನ ಮುಖಾನೇ ನೋಡ್ತಾ ನಿಂತಿದ್ದೆ. ಬಂದು ತಡೀತೀಯ ಅಂದ್ಕೊಂಡೆ."

"ಅವನ ಮೇಲಿನ ಸಿಟ್ಟಿಗೆ ಅಣ್ಣ..."

"ಇರಲಿ ಬಿಡು."

ದಾರಿಯಲ್ಲಿ ಹೋಗುತ್ತಿದ್ದ ಯಾರೋ ಹೆಂಗಸನ್ನು ಹನುಮಯ್ಯ ಕರೆದ. ಅವಳು ಏನೂ ತಿಳಿಯದೆ ಕಾಲು ಸೇರು ಮೆಣಸಿನಕಾಯಿ ಕೊಂಡಳು. ಅವಳು ಕೊಟ್ಟ ಕಾಸನ್ನು ಅವನು ಕಣ್ಣಿಗೊತ್ತಿಕೊಂಡು ತಕ್ಕಡಿಗೆ ಮುಟ್ಟಿಸಿ ಜೇಬಿಗೆ ಹಾಕಿದ. ಆಮೇಲೆ ಮಾಮೂಲಿ ಗಿರಾಕಿಯನ್ನು ಕೇಳುವಂತೆ, ಸಿಟ್ಟೂ ಇಲ್ಲದೆ ನಗುವೂ ಇಲ್ಲದೆ, "ಈಗ ಹೇಳು, ನಿನಗೆಷ್ಟು ಬೇಕು?" ಎಂದ. ಅಣ್ಣಮ್ಮ ಎಷ್ಟು ಹೇಳಿದಳೋ ಅವಳಿಗೇ ನೆನಪಿಲ್ಲ.

ಬಸ್ಸಿನಲ್ಲಿ ಅವಳಿಗೆ ಮುಂದಿನ ಸೀಟು ಬಿಟ್ಟುಕೊಟ್ಟಿದ್ದರು. ಊರ ಹೊರಗಿನ ನಿಲ್ದಾಣದಲ್ಲಿ ಗಿರಿರಾಜ ಮೊರ, ಪೊರಕೆ, ಕೋಳಿ, ಮೀನಿನ ಪೊಟ್ಟಣದ ನಡುವೆ ನಿಂತಿದ್ದ. ಡ್ರೈವರು ನಿಧಾನ ಮಾಡಿ, "ಹತ್ತಿಸ್ಕೊಳ್ಳಲಾ ಅಕ್ಕ?" ಎಂದ.

"ಬೇಡ, ನಡೀ."

ಅವನ ಮೇಲೆ ಅವಳಿಗೆ ಎಳ್ಳಷ್ಟೂ ಕರುಣೆ ಬರಲಿಲ್ಲ. ಬದಲಿಗೆ, ಅವನಿಗೆ ಇನ್ನೂ ಎರಡು ಕೋಳಿ ಕೊಡಿಸಬೇಕಿತ್ತು ಎನ್ನಿಸಿತು. ಆದರೆ ಆ ನೋಟವನ್ನು ಕಣ್ತುಂಬ ನೋಡಬೇಕೆಂದು ಕಾದಿದ್ದವಳು, ಬಸ್ಸು ಮುಂದೆ ಹೋದ ಮೇಲೆ ತಿರುಗಿ ನೋಡಲೂ ಇಲ್ಲ.

ನೀಲಮ್ಮ ಹಿಂದಿನಿಂದ ಅವಳ ಭುಜ ತಟ್ಟಿದರು. "ಇನ್ನು ಮೇಲೆ ನೀನೇ ಕರ್ಕೊಂಡು ಬರ್ಬೇಕು ಕಣೇ. ಮುಂದಿನ ಸಂತೆಗೆ ಮೊದಲಿನ ಹಂಗೇ, ನಿನ್ನ ಕೈಯಿಂದಾನೇ ಬೋಣಿ."

"ಕರ್ಕೊಂಡು ಬರ್ತೀನಮ್ಮ" ಎಂದಳು ಅಣ್ಣಮ್ಮ. "ಬೋಣಿ ಮಾತ್ರ ನೀವು ಮಾಡಿ. ನಾನು ಹಿಂದೆ ಬರ್ತೀನಿ."