ತೂಕದ ಯಂತ್ರದ ಮೇಲೆ ಅಪ್ಪ

ಅಪ್ಪನ ಹೊಟ್ಟೆಯ ಕ್ಯಾನ್ಸರು ಲಿವರ್‌ಗೂ ಹಬ್ಬಿದೆ ಎಂದು ಗೋಕಾಕದ ಡಾಕ್ಟರು ಹೇಳಿದಾಗ ನನಗೆ ಏನೂ ಅನ್ನಿಸಲಿಲ್ಲ. ಇಂಥ ಮಾತು ಕೇಳಿದವರು ಕುಸಿದು ಕೂರುತ್ತಾರಂತೆ, ಕಣ್ಣಿಗೆ ಕತ್ತಲೆ ಬರುತ್ತದಂತೆ. ಡಾಕ್ಟರ ಮೇಜಿನ ಮೇಲೆ ಮುಚ್ಚಳವಿಲ್ಲದ ನೀರಿನ ಬಾಟಲಿ ಇತ್ತು. ಮುಚ್ಚಳ ಎಲ್ಲಿ ಹೋಯಿತೋ ಎಂದು ಕಣ್ಣಲ್ಲೇ ಹುಡುಕುತ್ತ ಕೂತಿದ್ದೆ.

ಹೊಟ್ಟೆಯೊಳಗಿಂದ ತೆಗೆದ ಚೂರನ್ನು ಇನ್ನೊಂದು ಪರೀಕ್ಷೆಗೆ ಕಳಿಸಿದರು. ಕೆಲವರ ಕ್ಯಾನ್ಸರ್ ಜೀವಕೋಶಗಳ ಮೈಮೇಲೆ ಒಂದು ಗುರುತು ಇರುತ್ತದೆ, ಇದ್ದರೆ ಆ ಗುರುತನ್ನೇ ಹುಡುಕಿ ಹಿಡಿಯುವ ಔಷಧವಿದೆ, ಇಲ್ಲದವರಿಗೆ ಅದನ್ನು ಕೊಟ್ಟರೂ ದಂಡ ಎಂದರು. ಅಪ್ಪನಿಗೆ ಗುರುತು ಇತ್ತು. ಉಳಿದ ಔಷಧಗಳ ಜೊತೆಗೆ ಅದನ್ನೂ ಮೂರು ವಾರಕ್ಕೊಮ್ಮೆ ಸಲೈನಿನಲ್ಲಿ ಹಾಕುತ್ತಾರೆ. ಹೃದಯಕ್ಕೆ ತೊಂದರೆ ಕೊಡಬಹುದಾದ್ದರಿಂದ ನಡುನಡುವೆ ಅದನ್ನೂ ನೋಡುತ್ತಾರೆ. ಬೇನೆ ಪೂರ್ತಿ ಹೋಗುವುದಿಲ್ಲ, ತಡೆಯಬಹುದು, ಎಷ್ಟು ದಿನ ಎಂದು ಹೇಳಲಾಗದು. ಇಷ್ಟನ್ನೂ ಹೊರಗಿನ ಬೆಂಚಿನ ಮೇಲೆ ಅಪ್ಪನಿಗೆ ಹೇಳಿದೆ. ಹುಟ್ಟಿದಂದಿನಿಂದ ಕುಲಗೋಡದಲ್ಲಿ ಕುರಿ ಕಾಯ್ದ ಮನುಷ್ಯ. ಬೇರೆಯವರ ಹಿಂಡಿನಲ್ಲಿ ಕೂಡಿದರೂ ನಮ್ಮವು ತಿಳಿಯಲೆಂದು ಬೆನ್ನಿಗೆ ಬಣ್ಣ ಹಚ್ಚುವವನು. ಗುರುತಿನ ಮಾತು ನನಗಿಂತ ಚೆನ್ನಾಗಿ ಅವನಿಗೇ ತಿಳಿಯಿತು. ಪೂರ್ತಿ ಹೋಗುವುದಿಲ್ಲ ಅನ್ನುವುದು ಕಿವಿಗೆ ಬಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ನನ್ನ ಗಂಡನ ಮನೆ ಹುಕ್ಕೇರಿ. ಸೂಜಿಯ ದಿನ ನಾನು ಅಲ್ಲಿಂದ, ಅಪ್ಪ ಕುಲಗೋಡದಿಂದ ಬಸ್ಸಿಗೆ ಬಂದು ಗೋಕಾಕ ಸ್ಟ್ಯಾಂಡಿನಲ್ಲಿ ಕೂಡುತ್ತಿದ್ದೆವು. ಅವ್ವ ಕುರಿ ಬಿಟ್ಟು ಬರುವಂತಿರಲಿಲ್ಲ. ಆಸ್ಪತ್ರೆಯಲ್ಲಿ ಮೊದಲು ನರ್ಸ್ ತೂಕ ಮಾಡುವಳು. ತೂಕ ನೋಡಿಯೇ ಔಷಧದ ಪ್ರಮಾಣ. ತೂಕ ಇಳಿಯಬಾರದು ಎಂದು ಡಾಕ್ಟರು ಒಮ್ಮೆ ಅಂದರು, ಅಷ್ಟೇ ಸಾಕಾಯಿತು. ಅಂದಿನಿಂದ ಅಪ್ಪನ ತೂಕ ಇಳಿಯಲೇ ಇಲ್ಲ. ಕೆನ್ನೆ ಒಳಗೆ ಹೋಗಿತ್ತು, ಧೋತರ ಸೊಂಟದ ಮೇಲೆ ನಿಲ್ಲುತ್ತಿರಲಿಲ್ಲ, ಯಂತ್ರ ಮಾತ್ರ ಎಲ್ಲ ಚೆನ್ನಾಗಿದೆ ಎನ್ನುತ್ತಿತ್ತು.

ಒಂದು ಸಲ ತೂಕಕ್ಕೆ ನಿಲ್ಲುವ ಮೊದಲೇ ಅಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡ. ಬರೀ ನೀರು, ಒಂದು ಕೊಡ ನೀರು. ಮೂಡಲಗಿ ಸಂತೆಗೆ ಹೊಡೆದುಕೊಂಡು ಹೋಗುವ ಮುನ್ನ, ತೂಕ ಹೆಚ್ಚು ಬರಲೆಂದು ಕುರಿಗೆ ಉಪ್ಪು ನೆಕ್ಕಿಸಿ, ಹೊಟ್ಟೆ ಬಿರಿಯುವಷ್ಟು ನೀರು ಕುಡಿಸುವುದು ನಮ್ಮವರಿಗೆಲ್ಲ ಗೊತ್ತು, ಕೊಳ್ಳುವವನಿಗೂ ಗೊತ್ತು. ಅಪ್ಪ ಅದನ್ನೇ ತನಗೆ ತಾನು ಮಾಡಿಕೊಂಡಿದ್ದ. ಮನೆಯಲ್ಲಿ ಉಪ್ಪು, ಸ್ಟ್ಯಾಂಡಿನಲ್ಲಿ ನೀರು. ತೂಕ ಇಳಿದರೆ ಔಷಧ ನಿಲ್ಲಿಸಿಬಿಡುತ್ತಾರೆಂದು ಹೆದರಿದ್ದನಂತೆ. ನಾನು ನಗಬೇಕಿತ್ತು, ಇಲ್ಲವೇ ಚೆನ್ನಾಗಿ ಬೈಯಬೇಕಿತ್ತು. ಎರಡೂ ಬರಲಿಲ್ಲ. ನರ್ಸಿಗೆ ಹೇಳಿದೆ, ಅವಳು ತೂಗಿದಳು, ಡಾಕ್ಟರು ಪ್ರಮಾಣ ತಿದ್ದಿದರು. ನಾನು ಮೆಟ್ಟಿಲು ತೊಳೆದು ಬಂದೆ.

ಇನ್ನು ಹಾಗೆ ಮಾಡುವುದಿಲ್ಲ ಎಂದು ಅಪ್ಪ ನನ್ನ ತಲೆ ಮುಟ್ಟಿ ಆಣೆ ಮಾಡಿದ, ಮತ್ತೆಂದೂ ಹಾಗೆ ಮಾಡಲೂ ಇಲ್ಲ. ಆದರೂ ಕೆಲವು ತಿಂಗಳ ಮೇಲೆ ತೂಕ ಏರತೊಡಗಿತು. ಈ ಸಲ ಉಪ್ಪಿಲ್ಲ, ನೀರಿಲ್ಲ. ಅವ್ವನನ್ನೂ ಕೇಳಿ ಖಾತ್ರಿ ಮಾಡಿಕೊಂಡೆ. ಧೋತರವೂ ಬಿಗಿಯಾಗಿತ್ತು. ಖರೆ ಹೇಳುತ್ತೇನೆ, ಅಂದು ನನಗೆ ಖುಷಿಯಾಯಿತು, ಗಂಡನಿಗೆ ಫೋನ್ ಹಚ್ಚಿ ಹೇಳಿದೆ. ಡಾಕ್ಟರು ಅಪ್ಪನನ್ನು ಮಲಗಿಸಿ ಹೊಟ್ಟೆ ಬಡಿದು ನೋಡಿದರು, ಸ್ಕ್ಯಾನ್ ಮಾಡಿಸಿದರು. ಆಮೇಲೆ ನನ್ನೊಬ್ಬಳನ್ನೇ ಒಳಗೆ ಕರೆದರು. ಬೇನೆ ಬೆಳೆದು ಹೊಟ್ಟೆಯಲ್ಲಿ ನೀರು ತುಂಬಿತ್ತು. ಏರಿದ ತೂಕ ಆ ನೀರಿನದು. ಇಷ್ಟು ದಿನ ತಡೆದ ಔಷಧಕ್ಕೆ ಈಗ ತಡೆಯಲಾಗುತ್ತಿಲ್ಲ, ಇನ್ನು ಕೊಟ್ಟು ಉಪಯೋಗವಿಲ್ಲ ಎಂದರು. ಬೇರೆ ಔಷಧಗಳಿವೆ, ಇವರ ಮೈ ತಾಳುವುದಿಲ್ಲ; ನೀರು ತೆಗೆದು ಹಗುರ ಮಾಡೋಣ, ನೋವಾಗದಂತೆ ನೋಡಿಕೊಳ್ಳೋಣ. ನಾನು ಹೂಂ, ಹೂಂ ಅಂದೆ. ಮೊದಲ ದಿನದಂತೆ ಆಗಲೂ ಏನೂ ಅನ್ನಿಸಲಿಲ್ಲ.

ಅಪ್ಪನನ್ನು ಒಬ್ಬನನ್ನೇ ಕಳಿಸಲಾಗದೆ ನಾನೂ ಕುಲಗೋಡದ ಬಸ್ಸು ಹತ್ತಿದೆ. ಹೇಗೆ ಹೇಳುವುದೋ ತಿಳಿಯದೆ ಕಿಟಕಿಯಾಚೆ ನೋಡುತ್ತಿದ್ದೆ. ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದು ಬಸ್ಸು ನಿಂತಿತು. ಅಪ್ಪನೇ ಮಾತು ತೆಗೆದ.

"ಸೂಜಿ ಬಂದ್ ಮಾಡ್ಯಾರ, ಹೌದಿಲ್ಲೊ?"

"ಹೌದ ಯಪ್ಪಾ."

ಡಾಕ್ಟರು ಮಾಡಿದಂತೆಯೇ ತನ್ನ ಹೊಟ್ಟೆಯನ್ನು ಮೆಲ್ಲಗೆ ಬಡಿದು ನೋಡಿಕೊಂಡ.

"ಕುರಿ ಹೊಟ್ಟ್ಯಾಗ ಹಿಂಗ ನೀರ ತುಂಬಿದ್ರ ನಾ ಇಟಗೋತಿರಲಿಲ್ಲವ್ವಾ. ಬಂದಷ್ಟಕ್ಕ ಮಾರಿಬಿಡತಿದ್ದೆ."

ನನಗೆ ಎಂಥ ಸಿಟ್ಟು ಬಂತೆಂದರೆ, ಅಷ್ಟು ತಿಂಗಳು ಬಾರದ್ದೆಲ್ಲ ಅದರ ಹಿಂದೆಯೇ ಬಂತು. ಬಸ್ಸಿನ ಮಂದಿ ತಿರುಗಿ ನೋಡುವ ಹಾಗೆ ಅತ್ತೆ.

"ನಾ ಮಾರಾಕಿ ಅಲ್ಲ ಯಪ್ಪಾ," ಎಂದೆ. "ನಾ ಇಟಗೋತೇನಿ."